ಸೀಸ, ಹುಲ್ಲು, ಬೂದಿ: ಆನ್ಸೆಲ್ಮ್ ಕೀಫರ್ ಚಿತ್ರಗಳನ್ನು ನೋಡುವುದು ಹೇಗೆ

ಜರ್ಮನಿಯ ಕಲೋನ್ ನಗರದಲ್ಲಿ ಎರಡು ಚೂಪು ಗೋಪುರಗಳ ದೊಡ್ಡ ಕೆಥೆಡ್ರಲ್ ಇದೆಯಲ್ಲ, ಅದರ ಚಾವಣಿಗೆ ಹೊದಿಸಿರುವುದು ಸೀಸ. 1980ರ ದಶಕದಲ್ಲಿ ಅಲ್ಲಿನ ಹಳೇ ಸೀಸದ ಹಾಳೆಗಳನ್ನು ಕಿತ್ತು ಹೊಸದು ಹಾಕಿದರು. ತಲೆಮಾರುಗಳ ಕಾಲ ಮಳೆ, ಹಿಮ, ಊರಿನ ಹೊಗೆ ಎಲ್ಲವನ್ನೂ ಕುಡಿದಿದ್ದ ಸೀಸ ಅದು. ಇಂಥದ್ದು ಸಾಮಾನ್ಯವಾಗಿ ಸೀದಾ ಗುಜರಿಗೆ ಹೋಗುತ್ತದೆ. ಆದರೆ ಆ ಸೀಸದಲ್ಲಿ ಒಂದಷ್ಟನ್ನು ಒಬ್ಬ ಚಿತ್ರಕಾರರು ಕೊಂಡುಕೊಂಡರು. ಅವರ ಹೆಸರು ಆನ್ಸೆಲ್ಮ್ ಕೀಫರ್. ಸೀಸದಿಂದ ಅವರು ಪುಸ್ತಕ ಮಾಡಿದರು, ವಿಮಾನ ಮಾಡಿದರು, ಚಿತ್ರಗಳ ಮೇಲೆ ಕಂಬಳಿಯಂತೆ ಹೊದಿಸಿದರು.

ಪೇಂಟರ್‌ಗೆ ಸೀಸ ಯಾಕೆ? ಕೀಫರ್ ಅವರ ಚಿತ್ರ ಮೊದಲ ಸಲ ನೋಡಿದವರಿಗೆ ಇಂಥ ಪ್ರಶ್ನೆಗಳೇ ಜಾಸ್ತಿ. ಬಣ್ಣದ ಮೇಲೆ ನಿಜವಾದ ಹುಲ್ಲು ಯಾಕೆ ಅಂಟಿಸಿದ್ದಾರೆ? ಬೂದಿ ಯಾಕೆ? ಮೂಲೆಯಲ್ಲಿ ಯಾರದೋ ಹೆಸರನ್ನು ಶಾಲೆ ಹುಡುಗನ ಕೈಬರಹದಲ್ಲಿ ಯಾಕೆ ಗೀಚಿದ್ದಾರೆ? ಉತ್ತರಕ್ಕೆ ಅಂತ ಓದಲು ಕೂತರೆ ಯಹೂದಿ ಅನುಭಾವ, ಸೀಸವನ್ನು ಚಿನ್ನ ಮಾಡಹೊರಟ ರಸವಿದ್ಯೆ, ಒಪೆರಾ ಸಂಗೀತಕಾರ ವಾಗ್ನರ್, ಜರ್ಮನ್ ಪುರಾಣ ಅಂತ ಒಂದರ ಮೇಲೊಂದು ಬಂದು ಬೀಳುತ್ತವೆ. ನನಗೂ ಮೊದಲು ಹಾಗೇ ಆಗಿತ್ತು, ಎರಡು ಪುಟ ಓದಿ ಬಿಟ್ಟುಬಿಟ್ಟಿದ್ದೆ. ಆಮೇಲೆ ದಾರಿ ಸಿಕ್ಕಿದ್ದು ಅವರು ಬಳಸುವ ಸಾಮಾನುಗಳಿಂದ. ಇಟ್ಟಿಗೆ, ಹುಲ್ಲು, ಬೂದಿ, ಸೀಸ ಇವೆಲ್ಲ ಅವರ ಕೈಗೆ ಎಲ್ಲಿಂದ ಬಂದವು, ಯಾಕೆ ಉಳಿದುಕೊಂಡವು ಅಂತ ಒಂದೊಂದೇ ನೋಡುತ್ತಾ ಹೋದರೆ ಉಳಿದದ್ದು ಅಷ್ಟು ಕಷ್ಟ ಇಲ್ಲ. ಅದೇ ದಾರಿ ಹಿಡಿಯೋಣ.

ಮೊದಲು ಇಟ್ಟಿಗೆ.

ಕೀಫರ್ ಹುಟ್ಟಿದ್ದು 1945ರ ಮಾರ್ಚ್ 8ರಂದು, ದಕ್ಷಿಣ ಜರ್ಮನಿಯ ಡೊನೌಎಶಿಂಗೆನ್ ಎಂಬ ಸಣ್ಣ ಊರಿನಲ್ಲಿ. ಡ್ಯಾನ್ಯೂಬ್ ನದಿ ಹುಟ್ಟುವುದೂ ಅಲ್ಲೇ. ಯುರೋಪಿನಲ್ಲಿ ಯುದ್ಧ ಮುಗಿಯಲು ಇನ್ನೂ ಎರಡು ತಿಂಗಳು ಬಾಕಿ. ಬಾಂಬಿನ ಹೆದರಿಕೆಗೆ ಹೆರಿಗೆ ಆದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆ ರಾತ್ರಿಯೇ ಅವರ ಮನೆಯ ಮೇಲೆ ಬಾಂಬು ಬಿತ್ತು. ಮನೆಯವರು ಆಸ್ಪತ್ರೆಯಲ್ಲಿದ್ದದ್ದರಿಂದ ಬದುಕಿಕೊಂಡರು. ಮುಂದೆ ಆ ಮಗುವಿಗೆ ಆಟದ ಸಾಮಾನು ಅಂತ ಏನೂ ಇರಲಿಲ್ಲ. ಇದ್ದದ್ದು ಬಿದ್ದ ಮನೆಗಳ ಇಟ್ಟಿಗೆ. ಅವನ್ನೇ ಆಯ್ದು ತಂದು ಪುಟ್ಟ ಪುಟ್ಟ ಮನೆ ಕಟ್ಟುತ್ತಿದ್ದೆ ಅಂತ ಕೀಫರ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ನಮಗೆ ಹಾಳುಬಿದ್ದ ಮನೆ ಅಂದ್ರೆ ಕತೆ ಮುಗಿದ ಜಾಗ. ಆ ಹುಡುಗನಿಗೆ ಅದು ಆಟ ಶುರುವಾಗುವ ಜಾಗ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಪ್ಪತ್ತು ವರ್ಷ ಅವರು ಮಾಡಿದ್ದಕ್ಕೆಲ್ಲ ಇದರ ನಂಟಿದೆ.

ಅಪ್ಪ ಚಿತ್ರಕಲಾ ಮೇಷ್ಟ್ರು. ಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿ ಅಧಿಕಾರಿ ಆಗಿದ್ದವರು. ಆ ತಲೆಮಾರಿನ ಜರ್ಮನ್ ಮನೆಗಳಲ್ಲಿ ಯುದ್ಧದ ಬಗ್ಗೆ, ಯಹೂದಿಗಳನ್ನು ಕೊಂದದ್ದರ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಶಾಲೆಯಲ್ಲೂ ಅಷ್ಟೇ, ಆ ಪಾಠವನ್ನು ಬೇಗ ಬೇಗ ಮುಗಿಸಿ ಮುಂದಕ್ಕೆ ಹೋಗಿಬಿಡುತ್ತಿದ್ದರು. ಕೀಫರ್‌ಗೆ ಮೊದಲ ಪೆಟ್ಟು ಬಿದ್ದದ್ದು ಒಂದು ಗ್ರಾಮಫೋನ್ ತಟ್ಟೆಯಿಂದ. ಅದರಲ್ಲಿ ಹಿಟ್ಲರ್, ಅವನ ಪ್ರಚಾರ ಮಂತ್ರಿ ಗೋಬೆಲ್ಸ್ ಮುಂತಾದವರ ಭಾಷಣಗಳ ತುಣುಕುಗಳಿದ್ದವು. ಆ ದನಿ ಕೇಳಿದಾಗ ಮೈ ನಡುಗಿತು ಅಂತ ಅವರು ಹೇಳಿಕೊಂಡಿದ್ದಾರೆ. ತನ್ನ ಅಪ್ಪ, ಮೇಷ್ಟ್ರು, ಪಕ್ಕದ ಮನೆಯವರು ಎಲ್ಲರೂ ಈ ದನಿ ಕೇಳಿ ಕೈ ಎತ್ತಿದವರು. ಈಗ ಎಲ್ಲರೂ ಸುಮ್ನೆ ಊಟ ಮಾಡುತ್ತಾ, ಕೆಲಸಕ್ಕೆ ಹೋಗಿಬರುತ್ತಾ ಇದ್ದಾರೆ.

ಫ್ರೈಬುರ್ಗಿನಲ್ಲಿ ಅವರು ಓದಲು ಶುರು ಮಾಡಿದ್ದು ಕಾನೂನು ಮತ್ತು ಭಾಷೆಗಳನ್ನು. ಅದನ್ನು ಬಿಟ್ಟು ಕಲೆಗೆ ಬಂದರು, ಅಲ್ಲಿಂದ ಕಾರ್ಲ್ಸ್‌ರೂಹೆಯ ಕಲಾಶಾಲೆಗೆ. 1969ರಲ್ಲಿ, 24ನೇ ವಯಸ್ಸಿನಲ್ಲಿ, ಅವರು ಮಾಡಿದ ಕೆಲಸ ಇವತ್ತಿಗೂ ಜನರನ್ನು ಎರಡು ಪಾಲು ಮಾಡುತ್ತದೆ. ಅಪ್ಪನ ಹಳೇ ಸೈನ್ಯದ ಸಮವಸ್ತ್ರ ಹಾಕಿಕೊಂಡು ಸ್ವಿಟ್ಜರ್ಲೆಂಡ್, ಫ್ರಾನ್ಸ್, ಇಟಲಿ ಸುತ್ತಿದರು. ಸಮುದ್ರದಂಡೆಯಲ್ಲಿ, ಹಳೇ ಪ್ರತಿಮೆಗಳ ಮುಂದೆ, ರೋಮಿನ ಕೊಲೋಸಿಯಮ್ ಹತ್ತಿರ ನಿಂತು ಬಲಗೈ ಮುಂದಕ್ಕೆ ಚಾಚಿ ಹಿಟ್ಲರ್ ಸೆಲ್ಯೂಟ್ ಹೊಡೆದು ಫೋಟೊ ತೆಗೆಸಿಕೊಂಡರು. ಈ ಸರಣಿಗೆ ಇಟ್ಟ ಹೆಸರು 'ಬೆಸೆಟ್ಸುಂಗೆನ್'. ಒಂದು ನಾಡನ್ನು ಸೈನ್ಯ ನುಗ್ಗಿ ವಶಪಡಿಸಿಕೊಳ್ಳುವುದಕ್ಕೆ ಜರ್ಮನ್‌ನಲ್ಲಿ ಹೇಳುವ ಪದ ಅದು. ಜರ್ಮನಿಯಲ್ಲಿ ಸಾರ್ವಜನಿಕವಾಗಿ ಆ ಸೆಲ್ಯೂಟ್ ಹೊಡೆಯುವುದು ಅಪರಾಧ, ಆಗಲೂ, ಈಗಲೂ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಫೋಟೊಗಳನ್ನು ನೋಡಿದರೆ ಮೊದಲು ಕೋಪ ಬರುತ್ತದೆ. ಆದರೆ ಗಮನಿಸಿ ನೋಡಿ, ಆತ ಒಬ್ಬಂಟಿ. ಸೆಲ್ಯೂಟ್ ವಾಪಸು ಕೊಡಲು ಯಾರೂ ಇಲ್ಲ. ಸಮುದ್ರದ ಎದುರು ಬೆನ್ನು ತಿರುಗಿಸಿ ನಿಂತ ಒಂದು ಫೋಟೊ ಇದೆ, ಅದು 19ನೇ ಶತಮಾನದ ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಬರೆದ, ಮಂಜಿನ ಮೇಲೆ ನಿಂತ ಒಂಟಿ ಅಲೆಮಾರಿಯ ಚಿತ್ರದ ಹಾಗೇ ಇದೆ. ಜರ್ಮನರು ತಮ್ಮ ಹೆಮ್ಮೆ ಅಂದುಕೊಂಡ ಚಿತ್ರದೊಳಗೇ ಜರ್ಮನರ ಅತಿದೊಡ್ಡ ನಾಚಿಕೆಯನ್ನು ತಂದು ನಿಲ್ಲಿಸಿದ್ದಾರೆ. ನಾನು ಆಗ ಇದ್ದಿದ್ದರೆ ಏನು ಮಾಡುತ್ತಿದ್ದೆ, ನಾನೂ ಕೈ ಎತ್ತುತ್ತಿದ್ದೆನಾ ಅನ್ನುವುದು ಕೀಫರ್ ತಮಗೇ ಹಾಕಿಕೊಂಡ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಮೈಗೆ ಆ ಬಟ್ಟೆ ಹಾಕಿ ನೋಡಿದರು. ಕಲಾಶಾಲೆಯ ಮೇಷ್ಟ್ರುಗಳಲ್ಲಿ ಹೆಚ್ಚಿನವರು ಗಾಬರಿಯಾದರು. ಕೀಫರ್ ಪರ ನಿಂತ ಮೇಷ್ಟ್ರು ರೈನರ್ ಕ್ಯೂಖನ್‌ಮೈಸ್ಟರ್, ಹುಡುಗನಾಗಿದ್ದಾಗ ನಾಜಿಗಳ ಸೆರೆಶಿಬಿರದಲ್ಲಿ ಇದ್ದುಬಂದವರು. ಸುಮ್ಮನಿದ್ದವರಿಗೆ ಸಹಿಸಲು ಆಗದ್ದು ಅನುಭವಿಸಿ ಬಂದವರಿಗೆ ಅರ್ಥವಾಯಿತು. ನನಗೆ ಈ ಫೋಟೊಗಳನ್ನು ಇವತ್ತಿಗೂ ಆರಾಮಾಗಿ ನೋಡಲು ಆಗುವುದಿಲ್ಲ. ಆರಾಮಾಗಿ ನೋಡುವಂತೆ ಅವರು ಮಾಡಿಯೂ ಇಲ್ಲ.

ಮುಂದೆ ಅವರು ಡ್ಯುಸೆಲ್‌ಡಾರ್ಫಿನ ಯೋಸೆಫ್ ಬಾಯ್ಸ್ ಅವರ ಹತ್ತಿರ ತಮ್ಮ ಕೆಲಸ ತೆಗೆದುಕೊಂಡು ಹೋಗಿ ತೋರಿಸುತ್ತಿದ್ದರು. ಬಾಯ್ಸ್ ಕೊಬ್ಬು, ಉಣ್ಣೆಯ ಕಂಬಳಿಗಳಿಂದ ಶಿಲ್ಪ ಮಾಡುತ್ತಿದ್ದ ಕಲಾವಿದ. ಯಾವ ಸಾಮಾನೂ ಬರೀ ಸಾಮಾನಲ್ಲ, ಅದಕ್ಕೆ ತನ್ನದೇ ನೆನಪಿದೆ ಅನ್ನುವ ಪಾಠ ಕೀಫರ್‌ಗೆ ಸಿಕ್ಕಿದ್ದು ಅಲ್ಲೇ ಇರಬೇಕು.

1970ರ ದಶಕದ ಶುರುವಿನಲ್ಲಿ ಓಡನ್‌ವಾಲ್ಡ್ ಕಾಡಿನ ಹೋರ್ನ್‌ಬಾಖ್ ಎಂಬ ಹಳ್ಳಿಯ ಹಳೇ ಶಾಲೆಯ ಕಟ್ಟಡಕ್ಕೆ ಬಂದರು. ಅಟ್ಟವೇ ಸ್ಟುಡಿಯೊ. ಆ ಅಟ್ಟದ ಮರದ ತೊಲೆಗಳು, ಹಲಗೆಗಳು ಅವರ ಚಿತ್ರಗಳೊಳಗೆ ಬಂದು ಕೂತವು. ಜರ್ಮನ್‌ನಲ್ಲಿ ಕೀಫರ್ ಅಂದ್ರೆ ಪೈನ್ ಮರ, ಹೀಗಾಗಿ ಆ ಮರದ ಕೋಣೆಗಳಲ್ಲಿ ಅವರ ಹೆಸರೂ ಅಡಗಿದೆ. 1973ರ ಒಂದು ಚಿತ್ರ ಸುಮಾರು ಏಳು ಮೀಟರ್ ಅಗಲ, ಗೋಣಿತಟ್ಟಿನ ಮೇಲೆ ಎಣ್ಣೆ ಬಣ್ಣ ಮತ್ತು ಇದ್ದಿಲು. ಉದ್ದನೆಯ ಮರದ ಹಜಾರ, ಎರಡೂ ಬದಿಯಲ್ಲಿ ಉರಿಯುವ ಪಂಜುಗಳು, ನೆಲದಲ್ಲಿ ಒಂದೊಂದು ಹೆಸರು: ವಾಗ್ನರ್, ಫ್ರೀಡ್ರಿಕ್, ಬಾಯ್ಸ್ ಇತ್ಯಾದಿ. ಚಿತ್ರದ ಹೆಸರು 'ಜರ್ಮನಿಯ ಚೇತನದ ವೀರರು'. ಮೊದಲ ನೋಟಕ್ಕೆ ಗುಡಿಯ ಹಾಗೆ ಕಾಣುತ್ತದೆ. ಆಮೇಲೆ ಹೊಳೆಯುತ್ತದೆ, ಪೂರ್ತಿ ಮರದ ಮನೆ, ಒಳಗೆ ಬೆಂಕಿ. ಒಂದು ಕಿಡಿ ಹಾರಿದರೆ ಸಾಕು, ವೀರರೆಲ್ಲ ಬೂದಿ.

ಈಗ ಹುಲ್ಲು ಮತ್ತು ಬೂದಿಗೆ ಬರೋಣ. ಕೀಫರ್ ಅವರ ಒಂದೇ ಒಂದು ಕೆಲಸ ನೋಡಲು ಸಮಯ ಇದೆ ಅಂದರೆ ನಾನು ತೋರಿಸುವುದು ಇದನ್ನೇ.

ಪಾಲ್ ಸೆಲಾನ್ ಎಂಬ ಕವಿ ಇದ್ದರು. 1920ರಲ್ಲಿ ಚೆರ್ನೊವಿಟ್ಸ್ ಎಂಬ ಊರಿನಲ್ಲಿ ಹುಟ್ಟಿದ ಯಹೂದಿ. ಆಗ ಅದು ರುಮೇನಿಯಾದಲ್ಲಿತ್ತು, ಈಗ ಉಕ್ರೇನಿನಲ್ಲಿದೆ. ಮನೆಮಾತು ಜರ್ಮನ್, ಅಮ್ಮ ಕಲಿಸಿದ್ದು. 1942ರಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಶಿಬಿರಕ್ಕೆ ಸಾಗಿಸಿದರು, ಇಬ್ಬರೂ ವಾಪಸು ಬರಲಿಲ್ಲ. ಅಮ್ಮನನ್ನು ಕೊಂದವರ ಭಾಷೆಯೂ ಅಮ್ಮ ಕಲಿಸಿದ ಭಾಷೆಯೂ ಒಂದೇ. ಆ ಭಾಷೆಯಲ್ಲೇ ಸೆಲಾನ್ 'ಟೋಡೆಸ್‌ಫೂಗೆ', ಅಂದ್ರೆ ಸಾವಿನ ಫ್ಯೂಗ್, ಎಂಬ ಕವಿತೆ ಬರೆದರು. ಫ್ಯೂಗ್ ಅನ್ನುವುದು ಒಂದೇ ರಾಗದ ಎಳೆಗಳು ಒಂದನ್ನೊಂದು ಅಟ್ಟಿಸಿಕೊಂಡು ಬರುವ ಪಾಶ್ಚಾತ್ಯ ಸಂಗೀತದ ಪ್ರಕಾರ. ಕವಿತೆಯಲ್ಲಿ ಶಿಬಿರದ ಒಬ್ಬ ಜರ್ಮನ್ ಅಧಿಕಾರಿ ಸಂಜೆ ಹೊತ್ತು ತನ್ನ ಊರಿಗೆ ಕಾಗದ ಬರೆಯುತ್ತಾನೆ, ಹೊರಗೆ ಯಹೂದಿಗಳಿಂದ ಅವರದೇ ಗುಂಡಿ ತೋಡಿಸುತ್ತಾನೆ, ಪಿಟೀಲು ನುಡಿಸಿ ಅನ್ನುತ್ತಾನೆ. ಎರಡು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಮಾರ್ಗರೆಟೆ, ಅವಳದು ಹೊನ್ನಿನ ಕೂದಲು. ಶುಲಮಿತ್, ಅವಳದು ಬೂದಿಯ ಕೂದಲು. ಮಾರ್ಗರೆಟೆ ಅಂದ್ರೆ ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದಿಂದ ಬಂದ ಜರ್ಮನ್ ಚೆಲುವೆ. ಶುಲಮಿತ್ ಬೈಬಲಿನ ಪರಮಗೀತೆಯ ಯಹೂದಿ ಚೆಲುವೆ. ಶಿಬಿರಗಳಲ್ಲಿ ಹೆಂಗಸರ ತಲೆ ಬೋಳಿಸುತ್ತಿದ್ದರು, ಹೆಣಗಳನ್ನು ಸುಡುತ್ತಿದ್ದರು. ಬೂದಿಯ ಕೂದಲು ಅನ್ನುವ ಮಾತು ಕವಿಯ ಅಲಂಕಾರವಾಗಿ ಬಂದದ್ದಲ್ಲ.

ಕೀಫರ್ ಈ ಇಬ್ಬರ ಮೇಲೆ ಸಾಲು ಸಾಲು ಚಿತ್ರ ಮಾಡಿದರು. 1981ರ 'ಮಾರ್ಗರೆಟೆ'ಯಲ್ಲಿ ಹೆಣ್ಣಿನ ಆಕಾರವೇ ಇಲ್ಲ. ಬೂದುಬಣ್ಣದ ಕ್ಯಾನ್ವಾಸಿನ ಮೇಲೆ ನಿಜವಾದ ಒಣಹುಲ್ಲಿನ ಎಳೆಗಳು ನೆಲದಿಂದ ಬಾಗಿ ಬಳುಕಿ ಮೇಲಕ್ಕೆ ಎದ್ದಿವೆ, ತುದಿಯಲ್ಲಿ ಮೇಣದ ಬತ್ತಿಯಂತೆ ಪುಟ್ಟ ಪುಟ್ಟ ಜ್ವಾಲೆ. ಹುಲ್ಲೇ ಹೊನ್ನಿನ ಕೂದಲು. ಕೆಳಗೆ, ಹುಲ್ಲಿನ ಬುಡದಲ್ಲಿ, ಕಪ್ಪು ಬಣ್ಣ ನೆರಳಿನಂತೆ ಹರಡಿಕೊಂಡಿದೆ, ಅದು ಶುಲಮಿತ್. ಒಬ್ಬಳನ್ನು ಬಿಟ್ಟು ಇನ್ನೊಬ್ಬಳನ್ನು ಬರೆಯಲು ಸಾಧ್ಯವೇ ಇಲ್ಲ ಅನ್ನುವ ಹಾಗೆ. ಹುಲ್ಲನ್ನೇ ಯಾಕೆ ಆರಿಸಿದರು ಅಂತ ನಾನು ತುಂಬಾ ಯೋಚಿಸಿದ್ದೇನೆ. ಹುಲ್ಲು ಬಿಸಿಲಲ್ಲಿ ಚಿನ್ನದ ಹಾಗೆ ಹೊಳೆಯುತ್ತದೆ. ಹಾಗೇ ಬಿಟ್ಟರೆ ಕೊಳೆಯುತ್ತದೆ, ಬೆಂಕಿ ತಾಗಿದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಬೂದಿ. ಮಾರ್ಗರೆಟೆಯ ಕೂದಲು ಶುಲಮಿತ್‌ಳ ಕೂದಲಾಗಲು ಒಂದು ಕಡ್ಡಿ ಗೀರಿದರೆ ಸಾಕು.

1983ರ 'ಶುಲಮಿತ್' ಇನ್ನೂ ಗಟ್ಟಿ. ಎತ್ತರ ಸುಮಾರು ಮೂರು ಮೀಟರ್, ಅಗಲ ನಾಲ್ಕಕ್ಕೆ ಹತ್ತಿರ. ಇಟ್ಟಿಗೆ ಕಮಾನುಗಳ ಒಂದು ತಗ್ಗು ಹಜಾರ ನಮ್ಮ ಎದುರಿಂದ ಶುರುವಾಗಿ ಒಳಗೆ ಒಳಗೆ ಹೋಗುತ್ತದೆ. ಗೋಡೆ, ಸೂರು ಎಲ್ಲ ಮಸಿ ಹಿಡಿದು ಕಪ್ಪಾಗಿವೆ, ಸೌದೆ ಒಲೆಯ ಅಡುಗೆಮನೆಯ ಸೂರಿನ ಹಾಗೆ. ಎಣ್ಣೆ ಬಣ್ಣ, ಅರಗು, ಮರದಚ್ಚಿನ ತುಣುಕು, ಹುಲ್ಲು ಎಲ್ಲ ಸೇರಿ ಮೇಲ್ಮೈ ಗೋಡೆಯ ಗಿಲಾವಿನಷ್ಟು ದಪ್ಪ. ಈ ಕಟ್ಟಡ ಕೀಫರ್ ಕಲ್ಪಿಸಿಕೊಂಡದ್ದಲ್ಲ. ವಿಲ್ಹೆಲ್ಮ್ ಕ್ರೈಸ್ ಎಂಬ ವಾಸ್ತುಶಿಲ್ಪಿ 1939ರ ಸುಮಾರಿಗೆ ನಾಜಿ ಸರ್ಕಾರಕ್ಕಾಗಿ ಬರ್ಲಿನ್‌ನಲ್ಲಿ ಕಟ್ಟಲು ಯೋಜಿಸಿದ್ದ, ಜರ್ಮನ್ ಸೈನಿಕ ವೀರರ ಸ್ಮಾರಕ ಹಜಾರ ಅದು. ಕೊಂದವರಿಗಾಗಿ ಯೋಚಿಸಿದ ಸ್ಮಾರಕವನ್ನು ಕೀಫರ್ ಕಸಿದುಕೊಂಡು ಸತ್ತವಳಿಗೆ ಕೊಟ್ಟಿದ್ದಾರೆ. ಎಡಮೂಲೆಯಲ್ಲಿ ಅವಳ ಹೆಸರು ಬರೆದಿದ್ದಾರೆ, ಅಷ್ಟೇ. ಆ ಕಮಾನುಗಳನ್ನೇ ನೋಡುತ್ತಿದ್ದರೆ ಅದು ಹಜಾರವೋ ಹೆಣ ಸುಡುವ ಒಲೆಯೋ ಅನ್ನುವ ಅನುಮಾನ ಶುರುವಾಗುತ್ತದೆ. ನಾನು ಫೋನಿನಲ್ಲಿ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾ ಹೋದಾಗ ತೀರಾ ಕೊನೆಯಲ್ಲಿ, ಹಜಾರದ ತುದಿಯಲ್ಲಿ, ಚಿಕ್ಕದೊಂದು ಬೆಳಕು ಕಂಡಿತು. ಏಳು ಪುಟ್ಟ ಜ್ವಾಲೆಗಳು. ಯಹೂದಿಗಳ ದೇವಾಲಯದ ಏಳು ಕವಲಿನ ದೀಪ. ಅಷ್ಟು ದೊಡ್ಡ ಕತ್ತಲೆಗೆ ಅಷ್ಟೇ ಅಷ್ಟು ಬೆಂಕಿ.

ಇದನ್ನೆಲ್ಲ ಜರ್ಮನಿ ಖುಷಿಯಿಂದ ಒಪ್ಪಿಕೊಳ್ಳಲಿಲ್ಲ. ವೆನಿಸ್ಸಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ ಬಿಯನಾಲೆಯಲ್ಲಿ 1980ರಲ್ಲಿ ಪಶ್ಚಿಮ ಜರ್ಮನಿಯ ಪರವಾಗಿ ಕೀಫರ್ ಮತ್ತು ಇನ್ನೊಬ್ಬ ಚಿತ್ರಕಾರ ಗಿಯೊರ್ಗ್ ಬಾಸೆಲಿಟ್ಸ್ ಇಬ್ಬರ ಕೃತಿಗಳಿದ್ದವು. ಜರ್ಮನ್ ವಿಮರ್ಶಕರಲ್ಲಿ ಹಲವರು ಉರಿದುಬಿದ್ದರು. ಕಾಡು, ವೀರರು, ವಾಗ್ನರ್ ಇವನ್ನೆಲ್ಲ ಮತ್ತೆ ಎತ್ತಿ ತರುವುದು ನಾಜಿ ವಾಸನೆಯ ಕೆಲಸ ಅಂದರು. 1984ರಲ್ಲಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ ಆಯಿತು, 1987ರಿಂದ ಷಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲಿಸ್, ನ್ಯೂಯಾರ್ಕ್ ಸುತ್ತಿದ ದೊಡ್ಡ ಪ್ರದರ್ಶನದ ಹೊತ್ತಿಗೆ ಅವರ ಹೆಸರು ಎಲ್ಲ ಕಡೆ ಹಬ್ಬಿತ್ತು. ಊರಿನಲ್ಲಿ ಮುಜುಗರ ತಂದ ಮನುಷ್ಯನನ್ನು ಹೊರಗಿನವರು ಮೊದಲು ಗುರುತಿಸಿದರು. ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಅವರಿಗೆ ಬಂದದ್ದು 2008ರಲ್ಲಿ, ಆ ಪ್ರಶಸ್ತಿ ಪಡೆದ ಮೊದಲ ಚಿತ್ರಕಾರ ಅವರೇ.

ಇನ್ನು ಸೀಸ. ಕೀಫರ್‌ಗೆ ಸೀಸದ ಪರಿಚಯ ಆದದ್ದು ಬಲು ಸಾದಾ ರೀತಿಯಲ್ಲಿ, ತಮ್ಮ ಮೊದಲ ಸ್ವಂತ ಮನೆಯ ಹಳೇ ಪೈಪುಗಳನ್ನು ರಿಪೇರಿ ಮಾಡಿಸುವಾಗ. ಪ್ಲಂಬರ್ ಅನ್ನುವ ಪದ ಹುಟ್ಟಿದ್ದೇ ಸೀಸದ ಲ್ಯಾಟಿನ್ ಹೆಸರು ಪ್ಲಂಬಮ್‌ನಿಂದ. ಸೀಸದ ಗುಣ ನೋಡಿ. ಒಂದು ಲೀಟರ್ ನೀರಿನ ಬಾಟಲಿಯಷ್ಟು ಸೀಸ 11 ಕಿಲೋಗಿಂತ ಜಾಸ್ತಿ ತೂಗುತ್ತದೆ. ಅಷ್ಟು ಭಾರ ಇದ್ದರೂ ಮೆತ್ತಗೆ, ತೆಳು ಹಾಳೆಯನ್ನು ಕೈಯಲ್ಲೇ ಬಗ್ಗಿಸಬಹುದು, ಉಗುರಿನಿಂದ ಗೀರಬಹುದು. 327 ಡಿಗ್ರಿಗೆ ಕರಗುತ್ತದೆ, ಅಂದ್ರೆ ಒಲೆಯ ಬೆಂಕಿ ಸಾಕು. ಎಕ್ಸ್‌ರೇ ಕೂಡ ಸುಲಭವಾಗಿ ಅದನ್ನು ದಾಟುವುದಿಲ್ಲ. ಯುರೋಪಿನ ಹಳೇ ರಸವಿದ್ಯೆಯವರಿಗೆ ಸೀಸ ಶನಿಗ್ರಹದ ಲೋಹ, ಮಂಕು ಕವಿದ ಮನಸ್ಸಿನ ಲೋಹ, ಮತ್ತು ಚಿನ್ನ ಮಾಡಲು ಹೊರಡುವಾಗ ಕೈಗೆತ್ತಿಕೊಳ್ಳುವ ಲೋಹ. ಮನುಷ್ಯರ ಚರಿತ್ರೆಯ ಭಾರ ಹೊರಲು ತಕ್ಕ ಸಾಮಾನು ಇದೊಂದೇ ಅನ್ನುವ ಅರ್ಥದ ಮಾತನ್ನು ಕೀಫರ್ ಹೇಳಿದ್ದಾರೆ.

1985ರಿಂದ 1989ರವರೆಗೆ ಅವರು ಮಾಡಿದ ಒಂದು ಶಿಲ್ಪದಲ್ಲಿ ಎರಡು ಕಬ್ಬಿಣದ ದೊಡ್ಡ ಕಪಾಟುಗಳಿವೆ, ಒಳಗೆ ಸುಮಾರು 200 ಸೀಸದ ಪುಸ್ತಕಗಳು. ಕಪಾಟುಗಳಿಗೆ ಮೆಸಪೊಟೇಮಿಯಾದ ನದಿಗಳ ಹೆಸರು, ಯೂಫ್ರೆಟಿಸ್ ಮತ್ತು ಟೈಗ್ರಿಸ್. ಬರವಣಿಗೆ ಹುಟ್ಟಿದ ನಾಡು ಅದು. ಈಗ ಅದು ಆಸ್ಲೊದ ಮ್ಯೂಸಿಯಮ್ಮಿನಲ್ಲಿದೆ. ಪುಟಗಳ ಒಳಗೆ ಮೋಡ, ನದಿ, ಭೂಮಿಯ ಚಿತ್ರಗಳಿವೆ, ಆದರೆ ನೋಡುವವರು ಯಾರೂ ತೆರೆದು ಓದಲಾರರು, ಒಂದೊಂದು ಪುಸ್ತಕ ಎತ್ತಲೂ ಒಬ್ಬರಿಂದ ಆಗುವುದಿಲ್ಲ. ಅಷ್ಟೆಲ್ಲ ತಿಳಿವಳಿಕೆ ಎದುರಿಗೇ ಇದೆ, ನಮ್ಮ ಕೈಗೆ ಬರುವುದಿಲ್ಲ. ಇದು ಪುಸ್ತಕ ಸುಟ್ಟ ದೇಶದ ಶಿಲ್ಪಿ ಮಾಡಿದ ಪುಸ್ತಕ, 1933ರಲ್ಲಿ ಬರ್ಲಿನ್‌ನ ಚೌಕದಲ್ಲಿ ರಾಶಿ ಹಾಕಿ ಸುಟ್ಟ ಜನರ ನಾಡಿನವರು. ಸೀಸದ ಪುಸ್ತಕ ಬೆಂಕಿಗೆ ಹಾಕಿದರೆ ಸುಡುವುದಿಲ್ಲ, ಕರಗುತ್ತದೆ.

ಜೆರುಸಲೇಮಿಗೆ ಹೋಗಿಬಂದ ಮೇಲೆ ಯಹೂದಿಗಳ ಕಬ್ಬಾಲ ಎಂಬ ಅನುಭಾವದ ಕತೆಗಳು ಅವರ ಕೆಲಸದೊಳಕ್ಕೆ ಬಂದವು. ಅದರಲ್ಲಿ 16ನೇ ಶತಮಾನದ ಐಸಾಕ್ ಲೂರಿಯಾ ಹೇಳಿದ ಸೃಷ್ಟಿಯ ಕತೆ ಒಂದಿದೆ. ದೇವರು ತನ್ನ ಬೆಳಕನ್ನು ಪಾತ್ರೆಗಳಲ್ಲಿ ತುಂಬಿದ, ಪಾತ್ರೆಗಳಿಗೆ ಆ ಬೆಳಕು ತಡೆಯಲಾಗಲಿಲ್ಲ, ಒಡೆದು ಚೂರಾದವು, ಆ ಚೂರುಗಳೇ ಈ ಲೋಕ. 1990ರಲ್ಲಿ ಕೀಫರ್ ಇದನ್ನೇ ಹೆಸರಾಗಿಟ್ಟುಕೊಂಡು ಒಂದು ಕಪಾಟು ಮಾಡಿದರು, 'ಪಾತ್ರೆಗಳ ಒಡೆತ', ಈಗ ಅಮೆರಿಕದ ಸೇಂಟ್ ಲೂಯಿ ಕಲಾ ಮ್ಯೂಸಿಯಮ್ಮಿನಲ್ಲಿದೆ. ಸೀಸದ ಪುಸ್ತಕಗಳು ಬಾಗಿ ಜೋತುಬಿದ್ದಿವೆ, ನಡುನಡುವೆ ಗಾಜಿನ ಚೂರು, ನೆಲದ ಮೇಲೆಲ್ಲ ಗಾಜು ಚೆಲ್ಲಿದೆ. ಸೃಷ್ಟಿಯ ಕತೆ ಗೊತ್ತಿಲ್ಲದವರಿಗೂ ಆ ಗಾಜು ತಟ್ಟುತ್ತದೆ. 1938ರ ನವೆಂಬರಿನಲ್ಲಿ ಜರ್ಮನಿಯ ಯಹೂದಿಗಳ ಅಂಗಡಿ, ಪ್ರಾರ್ಥನಾಮಂದಿರಗಳ ಗಾಜು ಒಡೆದು ಬೀದಿ ತುಂಬಿದ ರಾತ್ರಿ ಇದೆಯಲ್ಲ, ಅದಕ್ಕೆ ಹೆಸರು ಬಂದದ್ದೇ ಆ ಗಾಜಿನಿಂದ, 'ಕ್ರಿಸ್ಟಲ್‌ನಾಖ್ಟ್', ಒಡೆದ ಗಾಜಿನ ರಾತ್ರಿ. ಲೋಕ ಹುಟ್ಟಿದ ಚೂರೂ ಲೋಕ ಒಡೆದ ಚೂರೂ ಒಂದೇ ರಾಶಿಯಲ್ಲಿ ಬಿದ್ದಿವೆ.

ಅವರ ಕೆಲಸದ ರೀತಿಯನ್ನೂ ಸ್ವಲ್ಪ ಹೇಳಬೇಕು. ಕ್ಯಾನ್ವಾಸಿನ ಮೇಲೆ ದಪ್ಪಗೆ ಬಣ್ಣ ಮೆತ್ತುತ್ತಾರೆ, ಮೇಲೆ ಹುಲ್ಲು ಅಂಟಿಸುತ್ತಾರೆ, ಆಮೇಲೆ ಬೆಂಕಿಯುಗುಳುವ ಕೊಳವೆ ಹಿಡಿದು ಸುಡುತ್ತಾರೆ, ಸಹಾಯಕರು ಪಕ್ಕದಲ್ಲೇ ನೀರಿನ ಪೈಪು ಹಿಡಿದು ನಿಂತಿರುತ್ತಾರೆ. ಸಿನಿಮಾ ನಿರ್ದೇಶಕ ವಿಮ್ ವೆಂಡರ್ಸ್ ಅವರ 2023ರ 'ಆನ್ಸೆಲ್ಮ್' ಸಾಕ್ಷ್ಯಚಿತ್ರದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕರಗಿದ ಸೀಸವನ್ನು ಮೇಲಿಂದ ಸುರಿಯುತ್ತಾರೆ, ತಣ್ಣಗಾದ ಮೇಲೆ ಸಿಪ್ಪೆಯ ಹಾಗೆ ಕೀಳುತ್ತಾರೆ. ಕೆಲವು ಚಿತ್ರಗಳನ್ನು ಬಿಸಿಲು ಮಳೆಗೆ ಬಿಡುತ್ತಾರೆ. ವಿದ್ಯುತ್ ಹರಿಸಿದ ದ್ರಾವಣದಲ್ಲಿ ಲೋಹ ಅದ್ದಿ ಹಸಿರು ಕಿಲುಬು ಬರಿಸುತ್ತಾರೆ, ಹಳೇ ತಾಮ್ರದ ಕೊಡದ ಮೇಲೆ ಬರುವ ಅದೇ ಹಸಿರು. ಮತ್ತೆ ಅವರಿಗೆ ಬಲು ಇಷ್ಟದ್ದು ಅರಗು. ನಮಗೆ ಅರಗು ಅಂದ ಕೂಡಲೇ ಚನ್ನಪಟ್ಟಣದ ಗೊಂಬೆಯ ಹೊಳಪು ನೆನಪಾಗುತ್ತದೆ, ಇಲ್ಲವೇ ಪಾಂಡವರ ಅರಗಿನ ಮನೆ. ನಮ್ಮ ದೇಶದ ಮರಗಳ ಮೇಲೆ ಸಣ್ಣ ಹುಳ ಮಾಡುವ ಆ ಅಂಟು ಕೀಫರ್ ಚಿತ್ರಗಳಲ್ಲಿ ಸುಟ್ಟ ಸಕ್ಕರೆಯ ಬಣ್ಣದಲ್ಲಿ ಹರಿದು ಹೆಪ್ಪುಗಟ್ಟಿರುತ್ತದೆ.

ಇಷ್ಟೆಲ್ಲ ಮಾಡಿದ ಚಿತ್ರ ಸುಮ್ಮನೆ ಗೋಡೆ ಮೇಲೆ ಇರುತ್ತದಾ? ಇರುವುದಿಲ್ಲ. ಬಿರುಕು ಬಿಡುತ್ತದೆ, ಹುಲ್ಲು ಉದುರುತ್ತದೆ, ಬಣ್ಣ ಬದಲಾಗುತ್ತದೆ. ಮ್ಯೂಸಿಯಮ್ಮಿನಲ್ಲಿ ಕೃತಿ ಕಾಪಾಡುವವರಿಗೆ ಇದು ದೊಡ್ಡ ತಲೆನೋವು, ಯಾವುದು ಹಾಳಾಗುತ್ತಿರುವುದು, ಯಾವುದು ಚಿತ್ರದ ಭಾಗ ಅಂತ ಬೇರೆ ಮಾಡುವುದೇ ಕಷ್ಟ. ಕೀಫರ್‌ಗೆ ಚಿತ್ರ ಸ್ಟುಡಿಯೊದಿಂದ ಹೊರಟ ದಿನ ಮುಗಿಯುವುದಿಲ್ಲ. ಮುಗಿದು ಹೋಯಿತು ಅಂತ ಕಟ್ಟು ಹಾಕಿ ಗೋಡೆಗೆ ಏರಿಸಿದ ಚರಿತ್ರೆಯಿಂದಲೇ ಅವರ ಜಗಳ ಶುರುವಾದದ್ದು ತಾನೆ.

1992ರಲ್ಲಿ ಅವರು ಜರ್ಮನಿ ಬಿಟ್ಟು ದಕ್ಷಿಣ ಫ್ರಾನ್ಸಿನ ಬಾರ್ಜಾಕ್ ಎಂಬ ಊರಿಗೆ ಹೋದರು. ಅಲ್ಲಿದ್ದದ್ದು ರೇಷ್ಮೆಯ ಹಳೇ ಕಾರ್ಖಾನೆ, ಹೆಸರು ಲಾ ರಿಬೋಟ್. ಸುತ್ತಲಿನ ಸುಮಾರು 40 ಹೆಕ್ಟೇರ್ ಜಾಗವನ್ನೇ ಒಂದು ಕೃತಿ ಮಾಡಿದರು. ಸುರಂಗ ತೋಡಿದರು, ಒಂದೊಂದು ಚಿತ್ರಕ್ಕೆ ಒಂದೊಂದು ಮನೆ ಕಟ್ಟಿದರು, ಕಾಂಕ್ರೀಟಿನ ಅಂತಸ್ತುಗಳ ರಂಗಮಂದಿರ ಎಬ್ಬಿಸಿದರು. ಹಡಗಿನಲ್ಲಿ ಸರಕು ಸಾಗಿಸುವ ಕಂಟೇನರ್ ಗೊತ್ತಲ್ಲ, ಅದರ ಏಣುಏಣಾದ ಗೋಡೆಯನ್ನು ಅಚ್ಚು ಮಾಡಿಕೊಂಡು ಕಾಂಕ್ರೀಟ್ ಹಾಕಿ, ಆ ತುಂಡುಗಳನ್ನು ಮಕ್ಕಳು ಇಸ್ಪೀಟು ಎಲೆ ನಿಲ್ಲಿಸಿದ ಹಾಗೆ ಒಂದರ ಮೇಲೊಂದು ನಿಲ್ಲಿಸಿ ಗೋಪುರಗಳನ್ನು ಮಾಡಿದರು. ನೋಡಿದರೆ ಈಗ ಬಿತ್ತು, ಆಗ ಬಿತ್ತು ಅನ್ನಿಸುತ್ತದೆ. 2022ರಿಂದ ಆ ಜಾಗ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿಗೆ ಹೋಗಲಾಗದವರು ಇಟಲಿಯ ಮಿಲಾನಿನಲ್ಲಿ ನೋಡಬಹುದು, ಹಂಗರ್‌ಬಿಕೊಕ್ಕಾ ಎಂಬ ಹಳೇ ಕಾರ್ಖಾನೆಯ ಶೆಡ್ಡಿನಲ್ಲಿ 2004ರಿಂದ ಅವರ ಏಳು ಗೋಪುರಗಳು ನಿಂತಿವೆ, ತಲಾ 90 ಟನ್. ಮಹಡಿಗಳ ಸಂದಿಯಲ್ಲಿ ಅಲ್ಲಲ್ಲಿ ಸೀಸದ ಪುಸ್ತಕಗಳನ್ನು ಬೆಣೆಯ ಹಾಗೆ ತುರುಕಿದ್ದಾರೆ. ಇಟ್ಟಿಗೆ ಜೋಡಿಸುತ್ತಿದ್ದ ಆ ಹುಡುಗ ಎಲ್ಲೂ ಹೋಗಿಲ್ಲ.

ನಂತರ ಪ್ಯಾರಿಸ್ ಹತ್ತಿರ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ಹಳೇ ಗೋದಾಮು ಕೊಂಡು ಸ್ಟುಡಿಯೊ ಮಾಡಿಕೊಂಡರು, ಎಷ್ಟು ದೊಡ್ಡದು ಅಂದ್ರೆ ಒಳಗೆ ಸೈಕಲ್ ಹೊಡೆದುಕೊಂಡು ಓಡಾಡುತ್ತಾರೆ. 2020ರಲ್ಲಿ ಫ್ರಾನ್ಸಿನ ಗಣ್ಯರ ಸಮಾಧಿಗಳಿರುವ ಪ್ಯಾರಿಸ್ಸಿನ ಪ್ಯಾಂಥಿಯನ್‌ಗೆ, 2022ರಲ್ಲಿ ವೆನಿಸ್ಸಿನ ಡೋಜ್ ಅರಮನೆಗೆ ಕೃತಿ ಮಾಡಿಕೊಟ್ಟರು. ಇಲ್ಲಿ ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಇತ್ತೀಚಿನ ಕೆಲವು ಚಿತ್ರಗಳಲ್ಲಿ ಗಾತ್ರ, ಚಿನ್ನದ ಹಾಳೆ, ಅಬ್ಬರ ಇವು ಜಾಸ್ತಿ ಆಗಿವೆ ಅನ್ನಿಸುತ್ತದೆ. 'ಶುಲಮಿತ್'ನ ಆ ಏಳು ಸಣ್ಣ ಜ್ವಾಲೆಗಳು ಮಾಡಿದ ಕೆಲಸವನ್ನು ಇಪ್ಪತ್ತಡಿ ಕ್ಯಾನ್ವಾಸಿನ ಚಿನ್ನ ಮಾಡುವುದಿಲ್ಲ. ಅಷ್ಟು ದೊಡ್ಡದರ ಮುಂದೆ ನಿಂತಾಗ ಮನುಷ್ಯ ಬೆರಗಾಗುತ್ತಾನೆ ನಿಜ, ಆದರೆ ನಾಜಿಗಳೂ ಗಾತ್ರದಿಂದಲೇ ಜನರನ್ನು ಬೆರಗು ಮಾಡಿದವರು. ಕೀಫರ್‌ಗೆ ಇದು ಗೊತ್ತಿಲ್ಲದ್ದೇನಲ್ಲ, ಜೀವನಪೂರ್ತಿ ಅದನ್ನೇ ಕೆದಕಿದವರು. ಅದಕ್ಕೇ ನನಗೆ ಈ ವಿಷಯದಲ್ಲಿ ಅವರ ಮೇಲೆ ಆಕ್ಷೇಪ ಉಳಿದಿದೆ.

ಭಾರತಕ್ಕೂ ಅವರು ಬಂದಿದ್ದಾರೆ. 1990ರ ದಶಕದಲ್ಲಿ ಏಷ್ಯಾದ ದೇಶಗಳನ್ನು ಸುತ್ತಿದಾಗ ಇಲ್ಲಿಯ ಇಟ್ಟಿಗೆ ಗೂಡುಗಳ ಫೋಟೊ ತೆಗೆದುಕೊಂಡು ಹೋದರು. ಹಿಂದಿರುಗಿದ ಮೇಲೆ ಬರೆದ ದೊಡ್ಡ ಚಿತ್ರಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಇಟ್ಟಿಗೆ ರಾಶಿಗಳು ಪಿರಮಿಡ್ಡಿನ ಹಾಗೆ ನಿಂತಿವೆ, ಬಿಸಿಲಿಗೆ ಬಿರಿದ ಮಣ್ಣಿನ ಬಣ್ಣದಲ್ಲಿ. ನಮ್ಮಲ್ಲಿ ಹೆದ್ದಾರಿ ಪಕ್ಕ, ಕೆರೆ ಅಂಚಿನಲ್ಲಿ ಇಟ್ಟಿಗೆ ಗೂಡು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಹಸಿ ಇಟ್ಟಿಗೆಯನ್ನೇ ಜೋಡಿಸಿ ಮನೆಯಷ್ಟು ಎತ್ತರಕ್ಕೆ ಕಟ್ಟುತ್ತಾರೆ, ಕೆಳಗೆ ಕಂಡಿ ಬಿಟ್ಟು ಸೌದೆ ತುಂಬಿ ಬೆಂಕಿ ಹಾಕುತ್ತಾರೆ, ಹಗಲೂ ರಾತ್ರಿ ಬೇಯುತ್ತದೆ, ಆರಿದ ಮೇಲೆ ಆ ಕಟ್ಟಡವನ್ನೇ ಬಿಚ್ಚಿ ಲಾರಿಗೆ ಹೇರುತ್ತಾರೆ. ಕಟ್ಟುವುದು, ಸುಡುವುದು, ಕೆಡವುವುದು, ಮತ್ತೆ ಬೇರೆ ಕಡೆ ಕಟ್ಟುವುದು ಎಲ್ಲ ಒಂದೇ ಕೆಲಸದೊಳಗೆ. ಹಾಳುಮನೆಯ ಇಟ್ಟಿಗೆಯಲ್ಲಿ ಆಡಿ ಬೆಳೆದವರಿಗೆ ಇದನ್ನು ನೋಡಿ ಏನನ್ನಿಸಿರಬಹುದು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಅದೇ ವರ್ಷಗಳ ಇನ್ನೊಂದು ಸಾಮಾನು ಸೂರ್ಯಕಾಂತಿ. ಇದರ ಬೇರು ಹಿಂದಕ್ಕೆ ಹೋಗುತ್ತದೆ. 1963ರಲ್ಲಿ, 18 ವರ್ಷದ ಹುಡುಗನಾಗಿದ್ದಾಗ, ಪ್ರಯಾಣದ ವಿದ್ಯಾರ್ಥಿವೇತನ ಸಿಕ್ಕಿತು. ಆಗ ಕೀಫರ್ ಆರಿಸಿಕೊಂಡದ್ದು ಹಳದಿ ಸೂರ್ಯಕಾಂತಿಗಳನ್ನು ಬರೆದು ಹೆಸರಾದ ಡಚ್ ಚಿತ್ರಕಾರ ವ್ಯಾನ್ ಗೋ ನಡೆದ ದಾರಿ, ನೆದರ್‌ಲೆಂಡ್ಸ್, ಬೆಲ್ಜಿಯಮ್, ಪ್ಯಾರಿಸ್, ಕೊನೆಗೆ ದಕ್ಷಿಣ ಫ್ರಾನ್ಸಿನ ಆರ್ಲ್. 2025ರಲ್ಲಿ, ಅವರಿಗೆ 80 ತುಂಬಿದಾಗ, ಆಮ್ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಮ್ಮೂ ಪಕ್ಕದ ಸ್ಟೆಡೆಲಿಕ್ ಮ್ಯೂಸಿಯಮ್ಮೂ ಸೇರಿ ಅವರ ಪ್ರದರ್ಶನ ಮಾಡಿದವು. ಆದರೆ ಕೀಫರ್ ಸೂರ್ಯಕಾಂತಿಗಳು ಹಳದಿ ಅಲ್ಲ. ಬಲಿತು, ಒಣಗಿ, ಕಪ್ಪಾಗಿ, ತಲೆ ಕೆಳಗೆ ಹಾಕಿದವು. 17ನೇ ಶತಮಾನದ ಇಂಗ್ಲೆಂಡಿನ ವೈದ್ಯ ರಾಬರ್ಟ್ ಫ್ಲಡ್ ಭೂಮಿಯ ಒಂದೊಂದು ಗಿಡಕ್ಕೂ ಆಕಾಶದಲ್ಲಿ ಒಂದೊಂದು ನಕ್ಷತ್ರ ಇದೆ ಅಂತ ನಂಬಿದ್ದರು. ಕೀಫರ್‌ಗೆ ಈ ಮಾತು ತುಂಬಾ ಹಿಡಿಸಿತು. 1995ರ ಒಂದು ಚಿತ್ರದಲ್ಲಿ ಒಬ್ಬ ಮನುಷ್ಯ ಅಂಗಾತ ಮಲಗಿದ್ದಾನೆ, ಕೈ ಎರಡೂ ಪಕ್ಕಕ್ಕೆ ಬಿಟ್ಟು, ಯೋಗದ ಶವಾಸನದಲ್ಲಿ. ಅವನ ಮೇಲೆ ಮರದಷ್ಟು ಎತ್ತರದ ಒಂದು ಸೂರ್ಯಕಾಂತಿ ಬಗ್ಗಿ ನೋಡುತ್ತಿದೆ. ಹೂವಿನ ಬೀಜಗಳು ಬಿಡಿಸಿದ್ದಲ್ಲ, ನಿಜವಾದವು, ಕ್ಯಾನ್ವಾಸಿಗೆ ಅಂಟಿಸಿದ್ದು. ದೂರದಿಂದ ನೋಡಿದರೆ ರಾತ್ರಿಯ ನಕ್ಷತ್ರಗಳ ಹಾಗೆ. ಹತ್ತಿರ ಹೋದರೆ ಬರೀ ಕಪ್ಪು ಬೀಜ, ಒಂದೊಂದಾಗಿ ಕೆಳಗೆ ಮಲಗಿದವನ ಮೈಮೇಲೆ ಬೀಳುತ್ತಿವೆ.